ಅತ್ತೆ ಕೇಳಿಸಿಕೊಂಡ ಮೆಚ್ಚಿಗೆ

ನಮ್ಮ ಹೊಳಲ್ಕೆರೆ ಕಡೆ ಮದುವೆ ವಯಸ್ಸಿನ ಹುಡುಗಿ ‘ಮೆಚ್ಚಿಗೆ’ ಅನ್ನುವ ಮಾತನ್ನು ನೋಡಿಕೊಂಡು ಆಡಬೇಕು. ನಾನು ನೋಡಿಕೊಳ್ಳದೆ ಆಡಿದೆ. ಎಂಟೇ ದಿನಕ್ಕೆ ಗಂಡಿನ ಕಡೆಯವರು ನಮ್ಮ ಮನೆಯ ಚಾಪೆಯ ಮೇಲೆ ಕೂತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಅಪ್ಪನ ಸ್ನೇಹಿತರೊಬ್ಬರು ಬಸ್‌ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದರು. “ಮನ್ಯಾಗೆ ಸುಮ್ನೆ ಕುಂತು ಏನ್ ಮಾಡ್ತಾಳೆ, ಕಳಸ್ರಿ ಮೇಷ್ಟ್ರೆ” ಅಂದರು. ಹೋದೆ. ಒಂದು ಮೇಜು, ಎರಡು ಫೋನು, ಎಸ್‌ಟಿಡಿ ಮಾತಾಡುವವರಿಗೆ ಒಂದು ಪುಟ್ಟ ಗೂಡು, ಮೂಲೆಯಲ್ಲಿ ನೀರಿನ ಮಡಕೆ. ಮುಂದೆ ಗೋಡೆಯ ಬದಲು ಪೂರ್ತಿ ಗಾಜು.

ಗಾಜಿನ ಆಚೆ, ರಸ್ತೆಯ ಆ ಮಗ್ಗುಲಿಗೆ, ಮೋಟರ್ ವೈಂಡಿಂಗ್ ಅಂಗಡಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನೀರೆತ್ತುವ ಮೋಟರು ಸುಟ್ಟುಹೋದರೆ ಅದರೊಳಗಿನ ತಾಮ್ರದ ತಂತಿ ಕಿತ್ತುಹಾಕಿ ಹೊಸ ತಂತಿ ಸುತ್ತಿ ಕೂರಿಸಬೇಕು, ಅದೇ ವೈಂಡಿಂಗ್. ನಮ್ಮಲ್ಲಿ ಆಗ ಕರೆಂಟು ಬಂದರೂ ವೋಲ್ಟೇಜು ಬರುತ್ತಿರಲಿಲ್ಲ. ಮೋಟರು ಸುಡುವುದು ನೆಗಡಿ ಬಂದಷ್ಟೇ ಮಾಮೂಲು. ಸುತ್ತಲ ಹಳ್ಳಿಯವರು ಬಸ್ಸಿನ ಟಾಪಿನ ಮೇಲೆ ಮೋಟರು ಹೇರಿಕೊಂಡು ಬಂದು ಆ ಅಂಗಡಿ ಮುಂದೆ ಇಳಿಸುತ್ತಿದ್ದರು.

ಅಂಗಡಿಯಾತ ತಾಳ್ಯದ ಕಡೆಯವನು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಬಾಗಿಲ ಬೆಳಕಿಗೆ ಮೇಜು ಹಾಕಿಕೊಂಡು, ಕೈಯಲ್ಲಿ ತಿರುಗಿಸುವ ಒಂದು ಚಕ್ರಕ್ಕೆ ಮರದ ಅಚ್ಚು ಸಿಕ್ಕಿಸಿ, ಅದರ ಮೇಲೆ ತಂತಿ ಸುತ್ತುತ್ತಿದ್ದ. ಎಷ್ಟು ಸುತ್ತು ಆಯಿತೆಂದು ತಾನೇ ತೋರಿಸುವ ಮೆಷಿನ್ನು ದುರ್ಗದ ದೊಡ್ಡ ಅಂಗಡಿಗಳಲ್ಲಿತ್ತಂತೆ. ಈತನಿಗೆ ಅದಿರಲಿಲ್ಲ, ಮನಸ್ಸಿನಲ್ಲೇ ಎಣಿಸಬೇಕು. ಎಣಿಸುವಾಗ ಯಾರೇ ಬಂದರೂ ಮಾತಿಲ್ಲ. ಒಂದು ಬೆರಳು ಎತ್ತುತ್ತಿದ್ದ, ಅಷ್ಟೇ. ಊರ ಗೌಡರು ಬಂದರೂ ಒಂದು ಬೆರಳು, ಐಸ್‌ಕ್ಯಾಂಡಿ ಮಾರುವವನು ಬಂದರೂ ಅದೇ ಬೆರಳು.

ಆ ಬೆರಳು ನೋಡುವುದು ನನಗೆ ಅಭ್ಯಾಸವಾಯಿತು.

ಆತನ ಅಂಗಡಿಗೆ ಫೋನಿರಲಿಲ್ಲ. ಗಿರಾಕಿಗಳು ನಮ್ಮ ಬೂತಿಗೆ ಫೋನ್ ಮಾಡುತ್ತಿದ್ದರು, ನಾನು ಹೊರಗೆ ಬಂದು ಕೂಗಿ ಕರೆಯಬೇಕು. ಹೊಸದರಲ್ಲಿ ಒಂದು ದಿನ ಹಾಗೆ ಕೂಗಿದೆ. ಆತ ಎಣಿಕೆಯಲ್ಲಿದ್ದ. ತಲೆ ಎತ್ತಿ ನೋಡಿದ, ಕೈ ನಿಂತಿತು. ಬಂದು ಫೋನಲ್ಲಿ ಮಾತಾಡಿ ಹೋದ. ಹೋಗಿ ಏನು ಮಾಡಿದ ಗೊತ್ತೆ? ಸುತ್ತಿದ್ದನ್ನೆಲ್ಲ ಬಿಚ್ಚಿದ. ಪೂರ್ತಿ. ಮೊದಲಿನಿಂದ ಶುರು ಮಾಡಿದ. ನನ್ನ ಕಡೆ ಸಿಡುಕಿನಿಂದ ಒಂದು ಸಲ ನೋಡಲೂ ಇಲ್ಲ. ಅಂದಾಜಿನ ಮೇಲೆ ಮುಂದುವರಿಸಿದ್ದರೆ ಯಾವ ಗಿರಾಕಿಗೆ ಗೊತ್ತಾಗುತ್ತಿತ್ತು? ಯಾರಿಗೂ ಇಲ್ಲ. ನನಗೆ ಆಗ ಆದದ್ದನ್ನು ಹೇಗೆ ಹೇಳಲಿ, ನಮ್ಮ ಊರಲ್ಲಿ ಹೀಗೆ ಕೆಲಸ ಮಾಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲ್ಲರೂ ‘ನಡೀತೈತೆ ಬಿಡಪ್ಪ’ ಅನ್ನುವವರೇ.

ಅಂದಿನಿಂದ ವರ್ಷದ ಮೇಲೆ, ಫೋನು ಸುಮ್ಮನಿದ್ದಾಗೆಲ್ಲ ಗಾಜಿನ ಆಚೆ ನೋಡಿದೆ. ಸುಟ್ಟ ತಂತಿಯನ್ನು ಉಳಿಯಲ್ಲಿ ಕತ್ತರಿಸುವುದು, ಕಬ್ಬಿಣದ ಸಂದಿಗಳಿಗೆ ಕಾಗದ ಮಡಚಿ ಕೂರಿಸುವುದು, ಬಿದಿರಿನ ಚೂರಿನಿಂದ ಎಳೆಎಳೆಯಾಗಿ ತಂತಿ ಒಳಕ್ಕೆ ಒತ್ತುವುದು, ಕೊನೆಗೆ ದಾರದಲ್ಲಿ ಬಿಗಿದು ವಾರ್ನಿಷ್ ಹಚ್ಚಿ ಬಿಸಿಲಿಗಿಡುವುದು, ಎಲ್ಲ ಬಾಯಿಪಾಠವಾಗಿತ್ತು.

ಹೀಗೆ ನೋಡುತ್ತಿದ್ದಾಗ ಅತ್ತೆ ಬಂದಳು. ಅಪ್ಪನ ಅಕ್ಕ, ಹೊಸದುರ್ಗಕ್ಕೆ ಕೊಟ್ಟಿದ್ದರು. ನಮ್ಮ ವಂಶದಲ್ಲಿ ಅರ್ಧದಷ್ಟು ಮದುವೆಗಳು ಆಕೆಯ ಕಾಲಿನ ಓಡಾಟದಿಂದ ಆದವು. ಹಾಲುರಾಮೇಶ್ವರಕ್ಕೆ ಹೋಗಿಬಂದ ಪ್ರಸಾದ ಕೊಡುವ ನೆಪದಲ್ಲಿ ಬೂತಿಗೇ ಬಂದು, ಸ್ಟೂಲಿನ ಮೇಲೆ ಕೂತು, ಸೆರಗಲ್ಲಿ ಮುಖ ಒರೆಸಿಕೊಂಡು ನನ್ನ ನೋಟ ಎತ್ತ ಹೋಗುತ್ತಿದೆ ಅಂತ ನೋಡಿದಳು.

“ಅತ್ಲಾಗೆ ಏನೇ ಅಂಗ್ ನೋಡ್ತೀಯ?”

“ಅವ್ರ ಕೆಲ್ಸ ನೋಡ್ತಿದೀನಿ ಅತ್ತೆ.”

“ಯಾರವ್ನು? ನಮ್ಮೋರಾ?”

“ನಮ್ಮೋರೇ ಅಂತೆ. ತಾಳ್ಯದ ಕಡೆ.”

“ಮದ್ವೆ ಆಗೈತಾ?”

“ನಂಗೇನ್ ಗೊತ್ತು?”

“ಇಷ್ಟೊತ್ತಿಂದ ಕಣ್ ರೆಪ್ಪೆ ಬಡೀದಂಗೆ ನೋಡ್ತಿದೀಯ, ಗೊತ್ತಿಲ್ವಂತೆ. ಮೆಚ್ಚಿಗೆನಾ?”

“ಹೂಂ ಅತ್ತೆ, ಭಾಳ ಮೆಚ್ಚಿಗೆ.”

ತಪ್ಪಾದದ್ದು ಇಲ್ಲಿ. ನಾನು ಹೇಳಿದ್ದು ಪೇಪರಿನಲ್ಲಿ ಬರುವ ಮೆಚ್ಚುಗೆ: ‘ಮಕ್ಕಳ ಪ್ರತಿಭೆಗೆ ಗಣ್ಯರು ಮೆಚ್ಚುಗೆ ವ್ಯಕ್ತಪಡಿಸಿದರು.’ ಅತ್ತೆ ಕೇಳಿಸಿಕೊಂಡದ್ದು ಮದುವೆ ಮನೆಯ ಮೆಚ್ಚಿಗೆ. ಹೆಣ್ಣು ನೋಡಿ ಹೋದ ಮೇಲೆ ‘ಹುಡುಗಿ ಮೆಚ್ಚಿಗೆ ಆದ್ಲಾ’, ‘ಹುಡ್ಗ ಮೆಚ್ಚಿಗೆನಾ’ ಅಂತ ಕೇಳುತ್ತಾರಲ್ಲ, ಅದು. ಅದಕ್ಕೆ ಹೂಂ ಅಂದರೆ ಮುಂದಿನ ಮಾತು ಛತ್ರದ್ದೇ.

ಅತ್ತೆ ಪ್ರಸಾದದ ಪೊಟ್ಟಣ ಮೇಜಿನ ಮೇಲಿಟ್ಟು ಎದ್ದಳು. ಹೊಸದುರ್ಗದ ಬಸ್ಸಿಗೆ ಹೋಗಲಿಲ್ಲ. ತಾಳ್ಯದ ಬಸ್ಸು ಹತ್ತಿದಳು. ನಾನು ಗಾಜಿನಿಂದಲೇ ನೋಡಿದೆ, ಯಾರೋ ನೆಂಟರನ್ನು ನೋಡಲು ಹೊರಟಿರಬೇಕು ಅಂದುಕೊಂಡೆ.

ಮೂರನೇ ದಿನ ಮನೆಗೆ ಹೋದರೆ ಅವ್ವ ಹಿತ್ತಾಳೆ ಲೋಟಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಳೆ.

“ಸೋಮ್ವಾರ ಬರ್ತಾರಂತೆ ಕಣೆ. ನಿಮ್ಮತ್ತೆ ಎಲ್ಲಾ ಮಾತಾಡವ್ಳೆ.”

“ಯಾರ್ ಬರ್ತಾರೆ?”

“ನಾಟಕ ಆಡಬ್ಯಾಡ. ನಿನ್ ಬಾಯಾಗೇ ಹೇಳ್ದೆಯಂತೆ. ನಿಮ್ಮಪ್ಪ ಬೈತಾರೇನೋ ಅನ್ಕಂಡಿದ್ದೆ, ‘ಕೈಕಸುಬಿನ ಹುಡ್ಗ, ಕುಡಿಯಲ್ಲ, ಬರ್ಲಿ ಬಿಡು’ ಅಂದ್ರು.”

“ಅವ್ವ, ನಾನು ಮೆಚ್ಚಿಗೆ ಅಂದಿದ್ದು ಅವ್ರ ಕೆಲ್ಸಕ್ಕೆ!”

“ಕೆಲ್ಸ ಬ್ಯಾರೆ, ಕೆಲ್ಸ ಮಾಡೋನು ಬ್ಯಾರೆ ಏನೇ? ಎಮ್ಮೆ ಬ್ಯಾಡ, ಹಾಲು ಬೇಕು ಅಂದಂಗಾತು ನಿಂದು.”

ಅವ್ವ ಹೇಳಿದ್ದು ನಿಜವಿರಬಹುದು ಅನ್ನಿಸಿತು. ಒಬ್ಬ ಗಂಡಸನ್ನು ವರ್ಷದ ಮೇಲೆ ದಿನಾ ನೋಡಿದ್ದೇನೆ. ಬೇರೆ ಹುಡುಗಿ ಹೀಗೆ ನೋಡಿದ್ದರೆ ನಾನೇ ಏನು ಅನ್ನುತ್ತಿದ್ದೆ? ‘ಅವಳಿಗೆ ಅವನ ಮೇಲೆ ಮನಸು’ ಅನ್ನುತ್ತಿದ್ದೆ. ಈಗಿನ ಮಕ್ಕಳು ಕ್ರಷ್ ಅನ್ನುತ್ತಾರೆ. ನಮಗೆ ಆ ಪದ ಇರಲಿಲ್ಲ, ಇದ್ದದ್ದು ಮನಸು ಒಂದೇ. ಅದು ನನಗೆ ಇದೆಯೋ ಇಲ್ಲವೋ ಗೊತ್ತುಮಾಡಿಕೊಳ್ಳಲು ನನ್ನ ಕೈಯಲ್ಲಿ ಐದು ದಿನ ಇತ್ತು. ಇದೆ ಅಂದುಕೊಂಡು ಹೂಂ ಅಂದು, ಆಮೇಲೆ ಇಲ್ಲವೆಂದು ಗೊತ್ತಾದರೆ ಇಡೀ ಜನ್ಮ ಆತನ ಜೊತೆ. ಇಲ್ಲ ಅಂದುಕೊಂಡು ಬೇಡ ಅಂದು, ಆಮೇಲೆ ಇತ್ತು ಅಂತ ಗೊತ್ತಾದರೆ ಅದಕ್ಕಿಂತ ಕೆಟ್ಟದ್ದು. ಸುಮ್ಮನೆ ತಮಾಷೆಯಲ್ಲ ಇದು.

ಅಡುಗೆಮನೆಯಲ್ಲಿ ಕೂತು ಆತನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಕೈ ಬಂತು. ವಾರ್ನಿಷ್ ಕಲೆಯ ಹೆಬ್ಬೆರಳು, ಎತ್ತಿದ ಆ ಬೆರಳು, ಬಿದಿರಿನ ಚೂರು ಹಿಡಿದ ರೀತಿ. ಮುಖ ಬರಲೊಲ್ಲದು. ನಾಚಿಕೆಗೋ ಏನೋ ಅಂದುಕೊಂಡೆ.

ಈಗ ಇನ್ನೊಬ್ಬನ ವಿಷಯ ಹೇಳಲೇಬೇಕು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳಿದರೆ ಯಾರಿಗೂ ಏನೂ ನಷ್ಟವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸಿಗೆ ಜನ ಕೂಗುವವನೊಬ್ಬ ಇದ್ದ. “ಹೊಸದುರ್ಗ ಹೊಸದುರ್ಗ ಹೊಸದುರ್ಗಾ! ಹೊಂಟ್ತು ಹೊಂಟ್ತು ಹೊಂಟ್ತು!” ಡ್ರೈವರು ಎದುರು ಹೋಟೆಲಿನಲ್ಲಿ ಇನ್ನೂ ಮಂಡಕ್ಕಿ ತಿನ್ನುತ್ತಿರುತ್ತಿದ್ದ, ಇವನಿಗೆ ಆಗಲೇ ಬಸ್ಸು ಹೊರಟಿರುತ್ತಿತ್ತು. ಮುದುಕಿಯರು ಓಡೋಡಿ ಹತ್ತಿ ಅರ್ಧ ಗಂಟೆ ಬೆವರುತ್ತಾ ಕೂರಬೇಕು. ಸುಳ್ಳುಬುರುಕ, ಬಾಯಲ್ಲಿ ಸದಾ ಗುಟ್ಕಾ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚೇ ಇರುತ್ತಿತ್ತು. ಮೆಚ್ಚುವಂಥದ್ದು ಅವನಲ್ಲಿ ಹುಡುಕಿದರೂ ಒಂದು ಸಿಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಅವನು ದಿನದ ಹಾಗೆ ನೀರು ಕುಡಿಯಲು ಬೂತಿಗೆ ಬಂದ.

“ಮೇಡಂ, ನೀರ್ ಐತಾ?”

“ಐತೆ, ಕುಡೀರಿ.”

“ಮಡಕೆ ನೀರು ಕುಡಿದ್ರೆ ಗಂಟ್ಲು ತೆರೀತೈತೆ ಮೇಡಂ. ನಿಮ್ ನೀರಿಂದನೇ ಬಸ್ ತುಂಬ್ತಿರದು.”

“ಸುಳ್ಳು ಹೇಳಿ ತುಂಬ್ತೀರ, ನೀರಿಂದ ಅಲ್ಲ.”

“ಸುಳ್ಳಾ? ನಾನು ಹೊಂಟ್ತು ಅಂದಿದ್ದು. ಎಷ್ಟೊತ್ತಿಗೆ ಅಂತ ಹೇಳಿದ್ನಾ?”

ನಕ್ಕು ಹೋದ. ಹೋದಮೇಲೆ ನೋಡಿಕೊಂಡರೆ ನನ್ನ ಕೈಯಲ್ಲಿದ್ದ ಫೋನು ಆಗಲೇ ಕಟ್ ಆಗಿ ಕುಂಯ್ ಅನ್ನುತ್ತಿದೆ. ಯಾರಿಗೆ ನಂಬರು ತಿರುಗಿಸುತ್ತಿದ್ದೆನೋ ನೆನಪಿಲ್ಲ. ಇನ್ನೊಂದು ಕೈ ಕಿವಿಯ ಹಿಂದಕ್ಕೆ ಕೂದಲು ತಳ್ಳುತ್ತಿದೆ, ಕಣ್ಣು ಎದುರಿನ ಗಾಜಿನಲ್ಲಿ ನನ್ನ ಮುಖವನ್ನೇ ನೋಡುತ್ತಿದೆ. ಹಣೆಯ ಬೊಟ್ಟು ಸರಿಯಾಗಿದೆಯಾ ಅಂತ.

ಆಗ ಹೊಳೆಯಿತು. ಅದೇ ಗಾಜು. ವೈಂಡಿಂಗ್ ಅಂಗಡಿ ನೋಡುವಾಗ ಆ ಗಾಜಿನ ಆಚೆ ನೋಡುತ್ತಿದ್ದೆ, ನನ್ನ ಮುಖ ಅದರಲ್ಲಿ ಒಂದು ದಿನವೂ ಕಂಡಿರಲಿಲ್ಲ. ಈ ಸುಳ್ಳುಬುರುಕ ಬಂದರೆ ಗಾಜಿನ ಆಚೆಯದ್ದು ಏನೂ ಕಾಣುತ್ತಿರಲಿಲ್ಲ, ನಾನೊಬ್ಬಳೇ ಕಾಣುತ್ತಿದ್ದೆ. ಅಂಗಡಿಯಾತ ನನ್ನನ್ನು ನೋಡಲಿ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನೋಡಿದರೆ ಎಣಿಕೆ ತಪ್ಪುತ್ತದಲ್ಲ ಅನ್ನುವ ಚಿಂತೆಯೇ ಇತ್ತು. ಇವನು ನೋಡದೆ ಹೋದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅಂದರೆ ಮನಸು ಇದ್ದದ್ದು ಇವನ ಮೇಲೆ. ಥೂ, ಅನ್ನಿಸಿತು. ಆದರೆ ಸುಳ್ಳಲ್ಲ.

ಆದರೂ ಸೋಮವಾರದವರೆಗೆ ಬಾಯಿ ಬಿಡಲಿಲ್ಲ. ಯಾಕೆ ಅಂದರೆ, ಅವ್ವನ ವಾದ ಇನ್ನೂ ತಲೆಯಲ್ಲಿತ್ತು. ಬಸ್ಸು ಕೂಗುವವನನ್ನು ಮದುವೆಯಾಗುವ ಯೋಚನೆ ಕನಸಲ್ಲೂ ಇರಲಿಲ್ಲ. ಹಾಗಿರುವಾಗ ಮೆಚ್ಚುವಂಥ ಮನುಷ್ಯ ಮನೆ ಬಾಗಿಲಿಗೇ ಬರುತ್ತಿದ್ದಾನೆ, ಮನಸು ಆಮೇಲೆ ಬರಬಹುದೇನೋ. ಎಷ್ಟೋ ಜನಕ್ಕೆ ಹಾಗೇ ಬಂದಿದೆ. ಎದುರಿಗೆ ಕೂತಾಗ ನೋಡೋಣ ಅಂದುಕೊಂಡೆ.

ಸೋಮವಾರ ಬಂದರು. ಆತ, ಆತನ ತಾಯಿ, ಮುಂದೆ ಅತ್ತೆ. “ಬರ್ರಿ ಬರ್ರಿ, ಕುಂತ್ಕಳ್ರಿ” ಅಂತ ಅಪ್ಪ ಚಾಪೆ ತೋರಿಸಿದರು. ಆತ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ನಾನು ಉಪ್ಪಿಟ್ಟಿನ ತಟ್ಟೆ ಇಡುವಾಗ ಮೊದಲ ಸಲ ಮುಖ ನೋಡಿದೆ. ಆತನಿಗೆ ಮೀಸೆ ಇತ್ತು! ವರ್ಷದ ಮೇಲೆ ದಿನಾ ನೋಡಿದ್ದೇನೆ, ಮೀಸೆ ಇರುವುದು ಅವತ್ತೇ ಗೊತ್ತಾದದ್ದು. ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಏನೂ ಮಾಡದ ಆ ಕೈಗಳನ್ನು ನೋಡಿ ಇವು ಬೇರೆ ಯಾರದೋ ಕೈ ಅನ್ನಿಸಿತು.

“ಏನಾರ ಕೇಳೋದಿದ್ರೆ ಕೇಳಪ್ಪ” ಅಂದರು ಅಪ್ಪ.

ಆತ ತಲೆ ಅಲ್ಲಾಡಿಸಿದ. ಏನೂ ಇಲ್ಲ.

“ನೀನೇನಾರ ಕೇಳ್ತೀಯೇನಮ್ಮ?” ಅಂತ ಆತನ ತಾಯಿ ನನ್ನನ್ನು ಕೇಳಿದರು. ಒಳ್ಳೆಯ ಹೆಂಗಸು. ಆ ಕಾಲದಲ್ಲಿ ಹಾಗೆ ಕೇಳುವವರು ಕಡಿಮೆ.

ನಾನು ಕೇಳಿಯೇಬಿಟ್ಟೆ. “ಎಣಿಕೆ ತಪ್ಪಿದ್ರೆ ಪೂರ್ತಿ ಯಾಕೆ ಬಿಚ್ತೀರ? ಒಂದೆರಡು ಸುತ್ತು ಹೆಚ್ಚು ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ?”

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು. ಆತ ಮಾತ್ರ ನೆಟ್ಟಗೆ ಕೂತ.

“ಮೋಟ್ರಿಗೆ ಗೊತ್ತಾಗ್ತದಲ್ರಿ.”

ಅಷ್ಟೇ ಅಂದು ನಿಲ್ಲಿಸಲಿಲ್ಲ. ಒಂದು ಕಡೆ ಸುತ್ತು ಕಡಿಮೆಯಾದರೆ ಆ ಕಡೆ ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಇವತ್ತಲ್ಲ ನಾಳೆ ಸುಡುತ್ತದೆ, ರೈತ ಕರೆಂಟಿನವರನ್ನು ಬೈಯುತ್ತಾನೆ ಅಂತ ಶುರು ಮಾಡಿದ. ಹೇಳುತ್ತಾ ಹೇಳುತ್ತಾ ತಟ್ಟೆಯ ಕೆಳಗಿದ್ದ ಪೇಪರಿನ ಅಂಚನ್ನು ಹರಿದು ಸಂದಿಗೆ ಕೂರಿಸುವ ಹಾಗೆ ಮಡಚತೊಡಗಿದ. ಕೈ ಬಂತು! ನನಗೆ ಎಷ್ಟು ಖುಷಿಯಾಯಿತೆಂದರೆ, ತಂತಿಯ ಗೇಜು, ಅಂದರೆ ದಪ್ಪ, ಹೇಗೆ ಗೊತ್ತಾಗುತ್ತೆ, ವಾರ್ನಿಷ್ ಒಣಗದಿದ್ದರೆ ಏನಾಗುತ್ತೆ, ಮೇಲೆ ಮೇಲೆ ಕೇಳಿದೆ. ಉಪ್ಪಿಟ್ಟು ಆರಿಹೋಯಿತು. ಅತ್ತೆ ಎಲ್ಲರ ಮುಖವನ್ನೂ ಗೆದ್ದವಳ ಹಾಗೆ ನೋಡುತ್ತಾ ಕೂತಿದ್ದಳು.

ಆತ ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ನಾನು ಚೊಂಬು ಕೊಟ್ಟೆ. ಮೆಲ್ಲಗೆ ಕೇಳಿದ.

“ಒಂದ್ ಮಾತು ಕೇಳ್ಲಾ? ನಿಮಗೆ ಕೆಲ್ಸ ಕಲೀಬೇಕು ಅಂತ ಐತೋ, ನನ್ನ ಮದ್ವೆ ಆಗ್ಬೇಕು ಅಂತ ಐತೋ?”

“ಕಲೀಬೇಕು ಅಂತ.”

ಯೋಚಿಸಿ ಹೇಳಿದ ಮಾತಲ್ಲ. ಬಾಯಿಂದ ಬಿದ್ದಮೇಲೆ ನನಗೂ ಗೊತ್ತಾಯಿತು. ಎರಡನ್ನೂ ಒಂದೊಂದಾಗಿ ಎದುರಿಗಿಟ್ಟು ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆತನ ಮುಖ ಸಣ್ಣಗಾಯಿತು. “ಮುಂಚೇನೇ ಹೇಳಬೋದಿತ್ತಲ್ರಿ. ನಮ್ಮವ್ವ ಹೊಸ ಸೀರೆ ಉಟ್ಕಂಡು ಬಂದವ್ಳೆ.”

ಇವತ್ತಿಗೂ ನನಗೆ ಆ ಮಾತು ಚುಚ್ಚುತ್ತದೆ, ಬೇರೆ ಯಾವುದೂ ಅಲ್ಲ.

ಒಳಗೆ ಬಂದರೆ ಆತನ ತಾಯಿ ಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಬಿಚ್ಚುತ್ತಿದ್ದರು. ಮಲ್ಲಿಗೆ. ಗಂಡಿನ ತಾಯಿ ಹೂ ಮುಡಿಸಿಬಿಟ್ಟರೆ ಮುಗಿಯಿತು, ಹುಡುಗಿ ಅವರದು. ಅತ್ತೆ ನನ್ನ ಭುಜ ಹಿಡಿದು ಅವರ ಮುಂದೆ ಕೂರಿಸಿದಳು. ಆತ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ. ನನ್ನ ಪರವಾಗಿ ಆತ ಹೇಳಲಿ ಅಂತ ನೋಡಿದೆ, ಹೇಳಲಿಲ್ಲ. ಸರಿಯೇ, ಆತ ಯಾಕೆ ಹೇಳಬೇಕು? ಮಾತು ಆಡಿದವಳು ನಾನು.

ಹೂವು ಜಡೆಗೆ ತಾಗಿತು. ಆ ತಾಯಿಯ ಕೈ ಹಿಡಿದುಕೊಂಡೆ.

“ಮುಡಸಬ್ಯಾಡ್ರಿ ಅಮ್ಮ.”

“ಲೇ!” ಅಂದಳು ಅತ್ತೆ. “ಮೆಚ್ಚಿಗೆ ಅಂತ ನಿನ್ ಬಾಯಾಗೇ ಅಂದ್ಯಲ್ಲೇ! ಬಸ್ಸಾಗೆ ಓಡಾಡಿ ಓಡಾಡಿ ನನ್ ಸೊಂಟ ಬಿತ್ತಲ್ಲೇ!”

“ಈಗ್ಲೂ ಮೆಚ್ಚಿಗೆ ಐತೆ ಅತ್ತೆ. ಮನಸಿಲ್ಲ.”

ಆತನ ತಾಯಿ ಹೂವನ್ನು ಮತ್ತೆ ಎಲೆಯಲ್ಲಿ ಸುತ್ತಿದರು, ಅರ್ಧ ಸುತ್ತಿ ನಿಲ್ಲಿಸಿ, ಒಂದು ತುಂಡು ಕಿತ್ತು ದೇವರ ಗೂಡಿನ ಮುಂದೆ ಇಟ್ಟರು. “ಒಣಗಿಸಿ ಏನ್ ಮಾಡಾದು” ಅಂದರು. ಆಮೇಲೆ ಮಗನ ಕಡೆ ತಿರುಗಿ, “ಏಳಪ್ಪ, ಹೋಗಾಣ. ಬಸ್ ಸಿಗಲ್ಲ” ಅಂದರು.

ಅವ್ವ ಮೂರು ದಿನ ಮಾತು ಬಿಟ್ಟಳು, ಅತ್ತೆ ಒಂದು ವರ್ಷ. ಅಪ್ಪ ಮಾತ್ರ, “ಎರಡು ಪದ ಇಟ್ಕಂಡಿರೋ ಭಾಷೆ ನಮ್ದು, ನಿಮ್ಮತ್ತೆ ಒಂದ್ರಾಗೇ ಸಂಸಾರ ಮಾಡ್ತಾಳೆ” ಅಂತ ನಕ್ಕುಬಿಟ್ಟರು. ಆದರೆ ನನಗೆ ನಿಜವಾಗಿ ಹೊಡೆತ ಬಿದ್ದದ್ದು ಮಾರನೇ ದಿನ. ಬೂತಿನ ಬಾಗಿಲು ತೆರೆದು ನೋಡುತ್ತೇನೆ, ಎದುರಂಗಡಿಯಲ್ಲಿ ಮೇಜು ತಿರುಗಿದೆ. ಆತ ರಸ್ತೆಗೆ ಬೆನ್ನು ಹಾಕಿ ಕೂತಿದ್ದಾನೆ. ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ನಿಜ ಹೇಳಿದ್ದಕ್ಕೆ ನಾನು ಕಳೆದುಕೊಂಡದ್ದು ಅದು. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಫೋನು ಬಂದರೆ ಕರೆಯಬೇಕಿತ್ತಲ್ಲ, ಅದು ತಪ್ಪಲಿಲ್ಲ. ಆದರೆ ಆಮೇಲೆ ಒಂದು ದಿನವೂ ನಾನು ರಸ್ತೆಯಿಂದ ಕೂಗಲಿಲ್ಲ. ದಾಟಿ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಚಕ್ರ ತಿರುಗುತ್ತಿದ್ದರೆ ಅದು ನಿಲ್ಲುವವರೆಗೂ ಕಾದು, ಆಮೇಲೆ “ಫೋನ್ ಐತೆ” ಅನ್ನುತ್ತಿದ್ದೆ. ಬೆನ್ನಿನ ಹಿಂದೆ ನಾನು ನಿಂತಿರುವುದು ಆತನಿಗೆ ಗೊತ್ತಾಗುತ್ತಿತ್ತು. ತಿರುಗದೆ ಬೆರಳು ಎತ್ತುತ್ತಿದ್ದ.

ಹೀಗೆ ಮೂರೋ ನಾಲ್ಕೋ ತಿಂಗಳು ಕಳೆಯಿತು. ಅಷ್ಟರಲ್ಲಿ ಆತನಿಗೆ ಮಾಡದಕೆರೆ ಕಡೆಯ ಹೆಣ್ಣು ಗೊತ್ತಾಗಿತ್ತು. ಲಗ್ನಪತ್ರಿಕೆ ಕೊಡಲು ಬೂತಿಗೆ ಬಂದ. ಪತ್ರಿಕೆ ಮೇಜಿನ ಮೇಲಿಟ್ಟ, ಅದರ ಪಕ್ಕ ಒಂದು ಸುಟ್ಟ ಟೇಬಲ್ ಫ್ಯಾನಿನ ಮೋಟರು, ಒಂದು ಪುಟ್ಟ ಮರದ ಅಚ್ಚು, ಕೂದಲಿನಷ್ಟು ತೆಳ್ಳಗಿನ ತಂತಿಯ ಉಂಡೆ ಇಟ್ಟ.

“ಗಿರಾಕಿ ಬಿಟ್ಟು ಹೋಗಿರ ಫ್ಯಾನು. ಕೆಟ್ರೂ ಕೇಳೋರಿಲ್ಲ. ಹಳೇದು ಬಿಚ್ಚಿ ಎಣಿಸಿದೀನಿ, ಒಂದ್ ಸುರುಳಿಗೆ ಐನೂರೈವತ್ತು ಸುತ್ತು. ಕಲೀಬೇಕು ಅಂದ್ರಲ್ಲ, ಸುತ್ರಿ.”

ಮಾರನೇ ದಿನ ಬೆಳಿಗ್ಗೆ ಬೂತಿಗೆ ಬಂದಾಗ ಎದುರಂಗಡಿಯ ಮೇಜು ಮತ್ತೆ ರಸ್ತೆಯ ಕಡೆಗೆ ತಿರುಗಿತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಎರಡು ಸಾವಿರದ ನಂತರ ಮೊಬೈಲು ಬಂದು ಬೂತ್ ಮುಚ್ಚಿತು. ನನ್ನನ್ನು ಹಿರಿಯೂರಿಗೆ ಕೊಟ್ಟರು. ಗಂಡನ ಮೇಲೆ ಮೊದಲು ಮನಸು ಬಂತು, ಮೆಚ್ಚಿಗೆ ಬರಲು ಐದಾರು ವರ್ಷ ಬೇಕಾಯಿತು, ಅದು ಬೇರೆ ಕಥೆ. ಬಸ್ಸು ಕೂಗುವವನು ಯಾವಾಗ ಊರು ಬಿಟ್ಟನೋ ನನಗೆ ಗೊತ್ತೇ ಆಗಲಿಲ್ಲ. ಅವನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಬೇಕಾಗಿಲ್ಲದಿದ್ದರೂ. ಟೇಬಲ್ ಫ್ಯಾನು, ಮಿಕ್ಸಿ ಮಾತ್ರ ನಮ್ಮ ಬೀದಿಯಲ್ಲಿ ಯಾರದು ಸುಟ್ಟರೂ ಇವತ್ತಿಗೂ ನನ್ನ ಹತ್ತಿರವೇ ತರುತ್ತಾರೆ.

ಆ ಮೊದಲ ಫ್ಯಾನಿನ ದಿನ ಹೀಗಾಯಿತು. ಮೊಣಕಾಲಿನ ಮಧ್ಯೆ ಅಚ್ಚು ಹಿಡಿದು ಸುತ್ತುತ್ತಿದ್ದೆ. ಮುನ್ನೂರು ದಾಟಿತ್ತು. ಮುನ್ನೂರ ಒಂಬತ್ತು, ಮುನ್ನೂರ ಹತ್ತು, ಮುನ್ನೂರ ಹನ್ನೊಂದು.

“ಮೇಡಂ, ನೀರ್ ಐತಾ?”

ಬೆರಳು ಎತ್ತಬೇಕಿತ್ತು. ಎತ್ತಲಿಲ್ಲ. ಕೈ ಕೂದಲಿಗೆ ಹೋಯಿತು, ಕಣ್ಣು ಗಾಜಿಗೆ ಹೋಯಿತು. ಅವನು ಎರಡು ಲೋಟ ನೀರು ಕುಡಿದು, ಏನೋ ಒಂದು ಸುಳ್ಳು ಹೇಳಿ ನಗಿಸಿ, “ಹೊಸದುರ್ಗಾ!” ಅಂತ ಕೂಗುತ್ತಾ ಹೊರಟುಹೋದ.

ರಸ್ತೆಯ ಆ ಕಡೆಯಿಂದ ದನಿ ಬಂತು. “ಎಷ್ಟಕ್ಕೆ ತಪ್ತು?”

“ಮುನ್ನೂರ ಹನ್ನೊಂದೋ, ಹನ್ನೆರಡೋ.”

“ಹೂಂ. ಬಿಚ್ರಿ.”

ಬಿಚ್ಚಿದೆ. ಪೂರ್ತಿ.